ಬೀಗರ ನೀರು

ನಲ್ಲಿ ಎಣಿಸುವುದು ಬೇರೆ, ನೀರು ಅಳೆಯುವುದು ಬೇರೆ. ಇಷ್ಟನ್ನು ಹಾವೇರಿಯ ಜಿಲ್ಲಾ ಕಚೇರಿಯ ಸಾಹೇಬರ ತಲೆಗೆ ಇಳಿಸಲು ಸುಧಾರಾಣಿಗೆ ವರ್ಷಗಳೇ ಹಿಡಿದಿದ್ದವು. ಸುಸ್ಥಿರ ಅಭಿವೃದ್ಧಿ ಎಂಬ ಭಾರೀ ಹೆಸರಿನಲ್ಲಿ ಜಿಲ್ಲೆಯ ಪ್ರಗತಿ ವರದಿ ತಯಾರಾಗುತ್ತಿತ್ತು. ಊರಿಗೆ ನಲ್ಲಿ ಬಂತೆಂದರೆ ನೀರು ಬಂತು, ನೀರು ಬಂತೆಂದರೆ ಅದು ಶುದ್ಧವೇ ಎಂಬುದು ಕಚೇರಿಯ ಲೆಕ್ಕ. ಆ ನಲ್ಲಿಯಿಂದ ಬರುವುದೇನು ಎಂದು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಕೇಳಿದವಳು ಸುಧಾರಾಣಿ. ರಾಣೆಬೆನ್ನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಈ ಹೆಣ್ಣುಮಗಳು ಸುತ್ತಲಿನ ಕಾಲೇಜುಗಳ ರಸಾಯನಶಾಸ್ತ್ರದ ಮಾಸ್ತರರನ್ನೆಲ್ಲ ಕಾಡಿ ಬೇಡಿ ಒಂದು ಬಳಗ ಕಟ್ಟಿದಳು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯ ಕರಬಸಪ್ಪ ಸರ್, ನಿವೃತ್ತ ಪ್ರಾಧ್ಯಾಪಕರು, ಅದಕ್ಕೆ ಅಧ್ಯಕ್ಷರಾದರು. ರಜೆಯ ದಿನ ಊರೂರಿನ ನೀರು ತರುವುದು, ಲ್ಯಾಬಿನಲ್ಲಿ ಪರೀಕ್ಷಿಸುವುದು, ಅಂಕಿಯನ್ನು ಹಾವೇರಿಗೆ ಕಳಿಸುವುದು ಅವರ ಕೆಲಸ. ಚಹಾ ಕೂಡ ಸ್ವಂತ ಖರ್ಚಿನದು. ಕೊನೆಗೊಮ್ಮೆ ಕಚೇರಿ ಮಣಿಯಿತು. ಈ ಸಲ ಬಳಗದ ಅಂಕಿಯನ್ನೇ ವರದಿಗೆ ಹಾಕುತ್ತೇವೆ ಎಂದಿತು.

ಮಣಿದ ವರ್ಷವೇ ಎಡವಟ್ಟಾಯಿತು.

ಬ್ಯಾಡಗಿಯ ಆಚೆ ಬೆಂಚಿಮಟ್ಟಿ ಎಂಬ ಊರು. ಅಲ್ಲಿಯ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆಗಳು ಕಾಣುತ್ತವೆ. ನಡುವಯಸ್ಸಿಗೇ ಮೊಣಕಾಲು ಹಿಡಿದುಕೊಂಡು ಕೂರುವ ಜನ. ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ ಎಂಬ ಗುಮಾನಿ ಸುಧಾರಾಣಿಗೆ ಮೊದಲಿಂದಲೂ ಇತ್ತು. ಅಂಕಿ ಸಿಕ್ಕರೆ ತುಂಗಭದ್ರೆಯ ನೀರಿನ ಪೈಪು ಆ ಊರಿಗೆ ಬರುವುದು ಖಚಿತವಿತ್ತು. ಮನೆ ಮನೆಗೆ ಬಾಟಲಿ ಕೊಟ್ಟು, "ಕುಡಿಯೋ ನೀರು ತುಂಬಿ ಇಟ್ಟಿರ್ರಿ, ನಾಳೆ ಬಂದು ಒಯ್ತೇನಿ" ಎಂದು ಹೇಳಿ ಬಸ್ಸು ಹತ್ತಿದಳು. ಮರುದಿನ ತಂದು ಪರೀಕ್ಷಿಸಿದರೆ ಎಲ್ಲವೂ ಚೊಕ್ಕ. ಊರಿನಲ್ಲಿ ಸರ್ಕಾರ ಹಾಕಿದ ಶುದ್ಧ ನೀರಿನ ಘಟಕ ಕೆಲಸ ಮಾಡುತ್ತಿದೆ ಎಂದುಕೊಂಡಳು. ಖುಷಿಯಲ್ಲಿ ಎರಡನೇ ಸಲ ನೋಡದೆ ಸಹಿ ಹಾಕಿದಳು. ಕರಬಸಪ್ಪನವರೂ ಹಾಕಿದರು.

ಆಮೇಲೆ ಹಾವೇರಿಯಿಂದ ಸುದ್ದಿ ಬಂತು. ಬೆಂಚಿಮಟ್ಟಿ ಸುರಕ್ಷಿತ ನೀರಿನ ಊರು ಎಂದು ಹಾವೇರಿಯ ಸಭೆಯಲ್ಲಿ ಘೋಷಣೆಯಾಗಲಿದೆ, ಅಲ್ಲಿಯ ಪಂಚಾಯ್ತಿ ಸದಸ್ಯೆ ಮುತ್ತವ್ವನಿಗೆ ಶಾಲು ಹೊದಿಸುತ್ತಾರೆ. ನೀರು ಚೆನ್ನಾಗಿರುವ ಊರಿಗೆ ನದಿ ಪೈಪು ಏಕೆ ಎಂದು ಅದನ್ನು ಬೇರೆ ಕಡೆ ತಿರುಗಿಸುತ್ತಾರೆ. ಮಕ್ಕಳ ಹಲ್ಲಿನ ಕಂದು ಪಟ್ಟೆ ಸುಧಾರಾಣಿಗೆ ನೆನಪಾಯಿತು. ಲ್ಯಾಬಿಗೆ ಹೋಗಿ ಅಂಕಿಗಳನ್ನು ಮತ್ತೆ ನೋಡಿದಳು. ಒಂದು ಘಟಕದ ನೀರು ಊರಿಗೆಲ್ಲ ಸಾಲದು, ಕೆಲವು ಮನೆಗಳಲ್ಲಾದರೂ ಓಣಿಯ ಬೋರಿನ ನೀರೇ ಇರಬೇಕಿತ್ತು, ಆದರೆ ಉಪ್ಪು, ಗಡಸುತನ, ಫ್ಲೋರೈಡ್ ಎಲ್ಲ ಬಾಟಲಿಯಲ್ಲೂ ಒಂದೇ ಆಗಿದ್ದವು. ಅವೆಲ್ಲ ಒಂದೇ ಕಡೆಯಿಂದ ಬಂದ ನೀರು. ಇದನ್ನು ಮೊದಲೇ ಕಾಣದ ತನ್ನ ಕಣ್ಣಿಗೆ ಮಣ್ಣು ಹಾಕಬೇಕು ಅನ್ನಿಸಿತು ಅವಳಿಗೆ.

ಸಭೆಯ ಹಿಂದಿನ ದಿನ ಅವಳು ಬೆಂಚಿಮಟ್ಟಿಗೆ ಹೋದಳು. ಬ್ಯಾಡಗಿಯಲ್ಲಿ ಬಸ್ಸು ಬದಲಿಸುವಾಗ ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಗಂಟಲು ಒಣಗಿತ್ತು. ಮುತ್ತವ್ವ ಬಾಗಿಲಲ್ಲೇ ಎದುರುಗೊಂಡು, ಫಳಫಳ ಹೊಳೆಯುವ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ನೀರು ಸಿಹಿಯಾಗಿತ್ತು. ಆಮೇಲೆ ಮುತ್ತವ್ವ ತಾನು ಕುಡಿಯಲು ಮೂಲೆಯ ಬೇರೊಂದು ಕೊಡದಿಂದ ನೀರು ಬಗ್ಗಿಸಿಕೊಂಡಳು. ಸುಧಾರಾಣಿಗೆ ಎಲ್ಲವೂ ತಿಳಿಯಿತು.

"ಮುತ್ತವ್ವಾ, ನಾ ಕೊಟ್ಟ ಬಾಟ್ಲಿಗೆ ಯಾವ ನೀರು ಹಾಕಿದ್ರಿ?"

"ಇದನ್ನ ಹಾಕೇನಿ, ನೀವೀಗ ಕುಡದ್ರಲ್ಲ, ಬೀಗರ ನೀರು." ಮುತ್ತವ್ವನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ಆ ಘಟಕ ಕೆಟ್ಟು ಯಾ ಕಾಲಾತೋ. ಬ್ಯಾಡಗಿಯಿಂದ ಕ್ಯಾನ್ ತರಿಸಿ ಬಂದವ್ರಿಗೆ ಅಂತ ಬ್ಯಾರೆ ಇಟ್ಟಿರ್ತೇವಿ. ಕಾಲೇಜಿನ ಅಕ್ಕೋರು ಬಾಟ್ಲಿ ಕೊಟ್ಟಾರ, ಅದರಾಗ ಸವುಳು ನೀರು ತುಂಬಿ ಕಳಸಾಕ ನಮಗೇನು ಧಾಡಿ ಬಂದೈತ್ರಿ? ಊರಾಗ ಎಲ್ಲಾರೂ ಹಂಗ ಮಾಡೇವಿ."

ಸುಧಾರಾಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುಡಿಯುವ ನೀರು ಕೇಳಿದ್ದಳು. ಊರಿಗೆ ಊರೇ ಅವಳ ಲ್ಯಾಬಿಗೆ ಆತಿಥ್ಯ ಮಾಡಿತ್ತು. ಪೈಪಿನ ಸಂಗತಿ ಬಿಡಿಸಿ ಹೇಳಿ, ಮೂಲೆಯ ಕೊಡದ ನೀರು ಒಂದು ಬಾಟಲಿ ಕೊಡಿ ಎಂದು ಕೇಳಿದಳು. ಮುತ್ತವ್ವ ಹೋಗಿ ಕೊಡದ ಬಾಯಿಗೆ ಅಂಗೈ ಮುಚ್ಚಿ ನಿಂತಳು.

"ಒಲ್ಲೆ. ಬೆಂಚಿಮಟ್ಟಿ ನೀರು ಕೆಟ್ಟೈತಿ ಅಂತ ಕಾಗದದಾಗ ಬರೀತೀರಿ. ನಾಳೆ ನಮ್ಮ ಹುಡುಗರಿಗೆ ಹೆಣ್ಣು ಯಾರು ಕೊಡ್ತಾರ? ಊರಿನ ಮರ್ಯಾದಿ ತಗೀಬ್ಯಾಡ್ರಿ ಅಕ್ಕೋರ, ನಿಮಗ ಕೈ ಮುಗೀತೇನಿ."

ಉಳಿದ ಮನೆಗಳಲ್ಲೂ ಇದೇ ಮಾತು. ನಲ್ಲಿಗೆ ಅವತ್ತು ನೀರು ಬಿಡುವ ದಿನವಲ್ಲ. ಸುಧಾರಾಣಿ ಖಾಲಿ ಬಾಟಲಿಗಳನ್ನೇ ಹೊತ್ತು ವಾಪಸ್ಸು ಬ್ಯಾಡಗಿಗೆ ಬಂದು ಕರಬಸಪ್ಪನವರ ಮನೆಯ ಕಟ್ಟೆಯ ಮೇಲೆ ಕುಸಿದು ಕುಳಿತಳು.

ಕರಬಸಪ್ಪ ಸರ್ ಎಲ್ಲವನ್ನೂ ಕೇಳಿದರು. ಕೇಳಿ ತಲೆಯಾಡಿಸಿದರು.

"ನೋಡವ್ವಾ, ಈಗ ನಮ್ಮ ಮಾತು ಕೇಳಾಕತ್ತಾರ. ನಾವ ಹೋಗಿ ತಪ್ಪಾತು ಅಂದ್ರ ಬಳಗ ಮುಗೀತು. ಮತ್ತ ನಲ್ಲಿ ಎಣಸಾಕ ಕುಂದರ್ತಾರ. ಒಂದೂರು ಬಿಡು, ಉಳಿದ ಊರುಗಳ್ನ ಉಳಸೂಣು."

ಮಾತಿನಲ್ಲಿ ತೂಕವಿತ್ತು, ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಸುಳ್ಳು ಅಂಕಿ ಕೊಡಾಕ ನಾವ್ಯಾಕ ಬೇಕು ಸರ್? ಅದಕ್ಕ ಅವ್ರ ಸಾಕು. ನಾನಂತೂ ಹೋಗಿ ಹೇಳಾಕಿನ."

ಮರುದಿನ ಹಾವೇರಿಯ ಸಭಾಂಗಣದಲ್ಲಿ ಫ್ಯಾನುಗಳು ಗರಗರ ತಿರುಗುತ್ತಿದ್ದವು. ವೇದಿಕೆಯ ತುದಿಯ ಕುರ್ಚಿಯಲ್ಲಿ ಮುತ್ತವ್ವ ಸೆರಗು ಹೊದ್ದು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ತಟ್ಟೆಯಲ್ಲಿ ಶಾಲು ಬಂತು. ಸಾಹೇಬರು ಅದನ್ನು ಬಿಡಿಸುತ್ತಿದ್ದಂತೆ ಸುಧಾರಾಣಿ ಎದ್ದು ನಿಂತಳು.

"ಒಂದ್ ನಿಮಿಷ ಸರ್. ಬೆಂಚಿಮಟ್ಟಿ ಅಂಕಿ ತಪ್ಪೈತಿ."

"ಮೇಡಂ, ಕಾರ್ಯಕ್ರಮ ನಡೀತಿದೆ. ಕೂತ್ಕೊಳ್ಳಿ."

"ಕುಂದ್ರಂಗಿಲ್ರಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಸಾಹೇಬರು ಶಾಲನ್ನು ಕೈಯಲ್ಲೇ ಹಿಡಿದು, "ಈ ಅಂಕಿ ಕೊಟ್ಟಿದ್ದು ನೀವೇ ಅಲ್ವಾ?" ಎಂದರು.

"ಹೌದ್ರಿ, ನಾನ ಕೊಟ್ಟೇನಿ. ವಾಪಸ್ ತಗೊಳಾಕ ಬಂದೇನಿ. ಅವು ಕ್ಯಾನಿನ ನೀರಿನ ಅಂಕಿ, ಊರಿನ ನೀರಿನದಲ್ಲ."

"ಹಾಗಾದ್ರೆ ಉಳಿದ ಊರುಗಳ ಅಂಕಿ ಹೇಗೆ ನಂಬೋದು?"

"ನಂಬಬ್ಯಾಡ್ರಿ. ಎಲ್ಲಾನೂ ಮತ್ತ ಅಳೀತೇವಿ. ನಿಮ್ಮ ಮಂದೀನೂ ಕಳಸ್ರಿ, ಬಾಜೂಕ ನಿಂತು ನೋಡ್ಲಿ."

ಸಾಹೇಬರು ದಡ್ಡರಲ್ಲ, ಕ್ಷಣದಲ್ಲಿ ದಾರಿ ಹುಡುಕಿದರು. ದನಿ ಮೆತ್ತಗೆ ಮಾಡಿ, "ಗ್ರಾಮಸ್ಥರು ಬೇರೆ ನೀರು ಕೊಟ್ಟು ಮೋಸ ಮಾಡಿದ್ರು ಅಂತ ಬರೆದುಕೊಡಿ. ಆ ಊರನ್ನ ವರದಿಯಿಂದಲೇ ಕೈಬಿಡ್ತೀವಿ. ನಿಮ್ಮ ಬಳಗಕ್ಕೂ ಕೆಟ್ಟ ಹೆಸರಿಲ್ಲ" ಎಂದರು.

ಪಕ್ಕದಲ್ಲಿ ಕರಬಸಪ್ಪ ಸರ್ ನಿಟ್ಟುಸಿರು ಬಿಟ್ಟು, "ಹ್ಞೂಂ ಅನ್ನವ್ವಾ" ಎಂದು ಪಿಸುಗುಟ್ಟಿದರು. ವೇದಿಕೆಯ ಮೇಲೆ ಮುತ್ತವ್ವ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಚೀಲದ ಹಿಡಿಕೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಸುಧಾರಾಣಿ ದನಿ ಎತ್ತರಿಸಿದಳು.

"ಮೋಸ ಯಾರೂ ಮಾಡಿಲ್ರಿ! ಮನಿಗೆ ಬಂದವ್ರಿಗೆ ಇದ್ದುದ್ರಾಗ ಚಲೋ ನೀರು ಕೊಟ್ಟಾರ, ಅದು ಮೋಸ ಹೆಂಗಾಗ್ತೈತಿ? ತಪ್ಪು ನಂದು. ಬಾಟ್ಲಿ ಕೈಯಾಗ ಕೊಟ್ಟು ಬಸ್ ಹತ್ತಿದೆ. ಅವ್ರ ಕುಡಿಯೋ ಕೊಡದ ಮುಂದ ನಿಂತು ತುಂಬಿಸ್ಕೋಬೇಕಿತ್ತು. ಬರಕೋರಿ, ಸುಧಾರಾಣಿ ತಪ್ಪು ಮಾಡ್ಯಾಳ ಅಂತ. ನಾ ಸಹಿ ಹಾಕ್ತೇನಿ. ಆದ್ರ ಆ ಊರನ್ನ ವರದಿಯಿಂದ ಕೈಬಿಡಾಕ ನಾ ಬಿಡಂಗಿಲ್ಲ."

ಸಾಹೇಬರು ಬಾಯಿ ತೆರೆಯುವ ಮೊದಲೇ ಕುರ್ಚಿ ಸರಿದ ಸದ್ದಾಯಿತು. ಮುತ್ತವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಿದ್ದಳು. ಚೀಲದೊಳಗೆ ಕೈ ಹಾಕಿ, ದಾರಿಯಲ್ಲಿ ಕುಡಿಯಲು ಮನೆಯಿಂದ ತಂದಿದ್ದ ಹಳೆಯ ಪ್ಲಾಸ್ಟಿಕ್ ಬಾಟಲಿ ತೆಗೆದಳು. ತನಗಾಗಿ ತುಂಬಿಕೊಂಡ ನೀರು, ಮೂಲೆಯ ಕೊಡದ್ದು. ಒಂದೊಂದೇ ಮೆಟ್ಟಿಲಿಳಿದು ಬಂದು ಅದನ್ನು ಸುಧಾರಾಣಿಯ ಮುಂದೆ ಹಿಡಿದಳು.

"ಇದನ್ನ ನೋಡ್ರಿ. ಇದು ನಾ ಕುಡಿಯೋದು." ಆಮೇಲೆ ಸಭೆಯ ಕಡೆ ತಿರುಗಿದಳು. "ಇದನ್ನ ಕುಡದು ನನ್ನ ಮಣಕಾಲು ಹಿಡದಾವು. ನನ್ನ ಮಮ್ಮಗಳು ಬಾಯಿಗೆ ಕೈ ಅಡ್ಡ ಹಿಡದು ನಗ್ತಾಳ. ಹೆಣ್ಣು ಕೊಡವ್ರು ಕೊಡ್ಲಿ, ಬಿಡವ್ರು ಬಿಡ್ಲಿ. ನಮಗ ಹೊಳಿ ನೀರು ಬೇಕು."

ಸುಧಾರಾಣಿ ತನ್ನ ಚೀಲದಿಂದ ಪರೀಕ್ಷೆಯ ಪೆಟ್ಟಿಗೆ ತೆಗೆದಳು. ಗಾಜಿನ ನಳಿಗೆ ಹಿಡಿಯಲು ಯಾರಾದರೂ ಬೇಕಿತ್ತು. ಕರಬಸಪ್ಪ ಸರ್ ಕನ್ನಡಕ ಏರಿಸಿಕೊಂಡು ಎದ್ದು ಬಂದು, "ಕೊಡಿಲ್ಲೆ" ಎಂದರು. ನಳಿಗೆಗೆ ನೀರು ಬಿತ್ತು, ಅದರ ಮೇಲೆ ಔಷಧದ ಹನಿಗಳು. ಮೊದಲು ಗುಲಾಬಿ ಬಣ್ಣ ಬಂತು. ಫ್ಲೋರೈಡ್ ಇಲ್ಲದಿದ್ದರೆ ಅದು ಹಾಗೇ ಉಳಿಯಬೇಕು. ಉಳಿಯಲಿಲ್ಲ. ನೋಡನೋಡುತ್ತ ಹಳದಿಗೆ ತಿರುಗಿತು. ಕರಬಸಪ್ಪ ಸರ್ ನಳಿಗೆಯನ್ನು ಸಭೆಗೆಲ್ಲ ಕಾಣುವಂತೆ ಎತ್ತಿ ಹಿಡಿದರು.

"ಒಂದು ಬಾಟಲಿಯಿಂದ ಏನೂ ಸಾಬೀತಾಗಲ್ಲ" ಎಂದರು ಸಾಹೇಬರು.

ಸುಧಾರಾಣಿಗೆ ನಗು ಬಂತು. "ಖರೇ ಐತ್ರಿ. ಇಷ್ಟು ವರ್ಷ ನಾವು ಹೇಳಾಕತ್ತಿದ್ದೂ ಅದನ್ನ, ಮನಿಮನಿ ನೀರು ಅಳೀದ ಏನೂ ಹೇಳಬಾರ್ದು ಅಂತ. ನಾಳೆ ಎಲ್ಲಾ ಮನಿಗೂ ಹೋಗ್ತೇವಿ. ಅಲ್ಲೀತನಕ ಪೈಪ್ ಬ್ಯಾರೆ ಕಡೆ ಒಯ್ಯಂಗಿಲ್ಲ ಅಂತ ಈ ಮಂದಿ ಮುಂದ ಹೇಳ್ರಿ."

ಅಷ್ಟು ಜನರ ಎದುರು ಸಾಹೇಬರು ಹೇಳಲೇಬೇಕಾಯಿತು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಶಾಲನ್ನು ಮುತ್ತವ್ವನ ಕಡೆ ಚಾಚಿದರು. ಅವಳು ಅದನ್ನು ತೆಗೆದುಕೊಂಡು ನೀಟಾಗಿ ಮಡಚಿ ತಟ್ಟೆಯಲ್ಲಿಟ್ಟಳು. "ಹೊಳಿ ನೀರು ಬಂದ ದಿನ ನಮ್ಮೂರಿಗೆ ಬಂದು ಹೊಚ್ಚರಿ" ಎಂದಳು.

ಹೊರಗೆ ಬಿಸಿಲು ಕಾದಿತ್ತು. ಮಾತಾಡಿ ಮಾತಾಡಿ ಸುಧಾರಾಣಿಯ ಗಂಟಲು ಒಣಗಿ ಹೋಗಿತ್ತು. ಕರಬಸಪ್ಪ ಸರ್ ರಸ್ತೆಯಾಚೆಯ ಅಂಗಡಿಗೆ ನೀರು ತರಲು ಹೊರಟರು. ಮುತ್ತವ್ವ ಅವರನ್ನು ತಡೆದು, ತನ್ನ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಸುಧಾರಾಣಿಯ ಕೈಗಿಟ್ಟಳು. ಅಕ್ಕೋರ ಎನ್ನಲಿಲ್ಲ, ಬಹುವಚನವನ್ನೂ ಬಿಟ್ಟಳು.

"ತಗೋ, ಕುಡಿ. ನಾಳೆ ಲಗೂನ ಬಾ. ಇನ್ನ ನಮ್ಮನ್ಯಾಗ ನಿನಗ ಬೀಗರ ನೀರು ಇಲ್ಲ."

ಸುಧಾರಾಣಿ ಗಟಗಟನೆ ಕುಡಿದಳು. ನಾಲಿಗೆಯ ತುಂಬ ಸವುಳು. ಕಣ್ಣಲ್ಲಿ ನೀರಾಡಿದರೂ ಮುಖ ಕಿವಿಚಲಿಲ್ಲ, ಬಾಟಲಿ ಖಾಲಿ ಮಾಡಿಯೇ ವಾಪಸ್ಸು ಕೊಟ್ಟಳು.