ಹೆರಿಯಣ್ಣನ ಫೋನಿಗೆ ಸಿಗ್ನಲ್ ಸಿಗುವುದಿಲ್ಲ

ನಾನು ಒಂದು ಫೋನು. ಗಂಗೊಳ್ಳಿಯ ಬಂದರಿನಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, "ಓ, ಹೆರಿಯಣ್ಣನ ಆ ಹಾಳ್ ಫೋನಾ?" ಎನ್ನುತ್ತಾರೆ. ಅಂಥ ಹೆಸರು ನನ್ನದು. ಹೆಸರು ಹೀಗೆ ಕೆಟ್ಟದ್ದು ಹೇಗೆ ಎಂದು ಹೇಳಬೇಕಾದರೆ ಹುಟ್ಟಿನಿಂದಲೇ ಶುರು ಮಾಡಬೇಕು.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಊರು ಯಾವುದೋ ನನಗೂ ತಿಳಿಯದು. ಕಣ್ಣು ಬಿಟ್ಟಾಗ ಉದ್ದನೆಯ ಮೇಜು, ಬಿಳಿ ಟೊಪ್ಪಿ ಹಾಕಿಕೊಂಡ ಹುಡುಗಿಯರ ಸಾಲು. ನನ್ನ ಬೆನ್ನಿಗೆ ತಿರುಪು ಹಾಕುತ್ತಿದ್ದವಳು ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದಳು. ನಾನು ಕೇಳಿದ ಮೊದಲ ದನಿ ಅದು. ಮನುಷ್ಯರ ದನಿಯ ಹುಚ್ಚು ನನಗೆ ಹಿಡಿದದ್ದು ಆವತ್ತೇ ಇರಬೇಕು.

ಆಮೇಲೆ ಅವಳು ನನ್ನನ್ನು ಒಂದು ಲೋಹದ ಪೆಟ್ಟಿಗೆಯೊಳಗೆ ಇಟ್ಟು ಬಾಗಿಲು ಹಾಕಿದಳು. ಬಾಗಿಲು ಬಿದ್ದದ್ದೇ ತಡ, ಲೋಕವೇ ಇಲ್ಲವಾಯಿತು. ಅದುವರೆಗೆ ಗಾಳಿಯ ತುಂಬ ಹರಿದಾಡುತ್ತಿದ್ದ ಟವರುಗಳ ದನಿ ಒಂದೇ ಏಟಿಗೆ ನಿಂತುಹೋಯಿತು. ಹೊರಗಿನದೇನೂ ನನಗೆ ಕೇಳಬಾರದು, ಒಳಗೆ ಅವರೇ ಬಿಡುವ ಸಣ್ಣ ಸಿಗ್ನಲ್ ಮಾತ್ರ ಕೇಳಬೇಕು. ಆ ಪೆಟ್ಟಿಗೆ ಇರುವುದೇ ಅದಕ್ಕೆ. ಅದನ್ನು ಸಣ್ಣ ಮಾಡಿದರು, ಇನ್ನೂ ಸಣ್ಣ ಮಾಡಿದರು, ಕೊನೆಗೆ ಇರುವೆ ಉಸಿರಾಡಿದಷ್ಟು ಮಾಡಿದರು. ನಾನು ಕೇಳಿಸಿಕೊಂಡೆ. ಪಾಸಾದೆ. ಹೊರಗೆ ತೆಗೆದಾಗ ಆ ಹುಡುಗಿ ಇನ್ನೂ ಗುನುಗುತ್ತಲೇ ಇದ್ದಳು. ನನ್ನ ಕಿವಿ ಚುರುಕು, ಆದರೆ ಸುತ್ತ ಲೋಹ ಮುಚ್ಚಿದರೆ ನಾನು ಕಿವುಡ. ಹುಟ್ಟಿದ ದಿನವೇ ಇದು ನನಗೆ ಗೊತ್ತಾಗಿತ್ತು. ಗೊತ್ತಿದ್ದು ಏನು ಬಂತು? ಫೋನಿಗೆ ಬೇರೆಯವರ ಮಾತು ತಲುಪಿಸಲು ಬರುತ್ತದೆಯೇ ಹೊರತು ತನ್ನ ಮಾತು ಹೇಳಲು ಬರುವುದಿಲ್ಲ.

ಅಲ್ಲಿಂದ ಕುಂದಾಪುರದ ಅನ್ವರನ ಅಂಗಡಿಗೆ ಬಂದೆ. ಗಾಜಿನ ಕಪಾಟಿನಲ್ಲಿ ನನ್ನ ಅಕ್ಕಪಕ್ಕದವರೆಲ್ಲ ಕ್ಯಾಮೆರಾದ ಗತ್ತಿನಲ್ಲಿ ಮೆರೆಯುತ್ತಿದ್ದರು. ಬಂದವರು ಮುಖ ಸೊಟ್ಟ ಮಾಡಿ ಪಟ ತೆಗೆದು ನೋಡಿ ಅವರನ್ನೇ ಒಯ್ಯುತ್ತಿದ್ದರು. ನಾನು ಮೂಲೆಯಲ್ಲಿ ಧೂಳು ಕುಡಿಯುತ್ತಿದ್ದೆ.

ಒಂದು ದಿನ ಹೆರಿಯಣ್ಣ ಬಂದರು, ಹಿಂದೆಯೇ ಹೆಂಡತಿ ಗುಲಾಬಿ. ಹೆರಿಯ ಮೊಗವೀರರು ಆಳಸಮುದ್ರಕ್ಕೆ ಹೋಗುವ ಬೋಟಿನ ತಾಂಡೇಲರು, ಎಂದರೆ ಚುಕ್ಕಾಣಿ ಹಿಡಿಯುವವರು. ಒಮ್ಮೆ ಹೊರಟರೆ ವಾರಗಟ್ಟಲೆ ನೀರ ಮೇಲೆ. ಗುಲಾಬಿ ಅಂಗಡಿಯ ಎರಡು ಮೆಟ್ಟಿಲು ಹತ್ತಿ ಸ್ಟೂಲಿನ ಮೇಲೆ ಕುಳಿತು ಸುಧಾರಿಸಿಕೊಂಡರು. ಎದೆಯ ಒಂದು ಕವಾಟ ಸೋತಿದೆ, ಮೀನಿನ ಬುಟ್ಟಿ ಹೊರಬಾರದು, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಬರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಗುಲಾಬಿಗೆ ಸಾಯುವ ಭಯಕ್ಕಿಂತ ಗಂಡ ಎದುರಿಗಿಲ್ಲದೆ ಸಾಯುವ ಭಯ. ಹೆರಿಯಣ್ಣ ಮಾತು ಕೊಟ್ಟಿದ್ದರು: ನೀನು ಕರೆ, ನಾನು ಬಲೆ ಕಡಿದಾದರೂ ಬರುತ್ತೇನೆ.

ಅನ್ವರ ಕ್ಯಾಮೆರಾದ ಪುರಾಣ ತೆಗೆಯುವಷ್ಟರಲ್ಲಿ ಅವರು ಕೈ ಅಡ್ಡ ಮಾಡಿದರು. "ಕ್ಯಾಮ್ರಾ ಬ್ಯಾಡ ಮರ್ರೆ. ಮೀನಿನ್ ಪಟ ತೆಗ್ದ್ ಎಂತ ಮಾಡುದ್? ಸಮುದ್ರದಗೆ ಇದ್ದಾಗ ಇವ್ಳ್ ಕರ್ದ್ರೆ ನಂಗ್ ಕೇಣ್ಕ್. ಅಂಥದ್ದ್ ಕೊಡಿ."

ಬೋಟಿನವರು ಫೋನು ಕೊಳ್ಳುವ ರೀತಿಯೇ ಬೇರೆ. ಅಂಗಡಿಯೊಳಗೆ ಅದು ತೀರ್ಮಾನವಾಗುವುದಿಲ್ಲ. ಅನ್ವರ ನನ್ನನ್ನೂ ಇನ್ನಿಬ್ಬರನ್ನೂ ಚೀಲಕ್ಕೆ ಹಾಕಿಕೊಂಡು ಅವರ ಜೊತೆ ಕಡಲಿಗೆ ಹೊರಟ. ಮೂವರ ಹೊಟ್ಟೆಗೂ ಒಂದೇ ಕಂಪನಿಯ ಸಿಮ್. ನಾಡದೋಣಿ ದಡ ಬಿಟ್ಟಿತು. ಗುಲಾಬಿ ದಡದ ಕಲ್ಲಿನ ಮೇಲೆ ತಮ್ಮ ಫೋನು ಹಿಡಿದು ಕುಳಿತರು. ಅನ್ವರ ದಾರಿಯುದ್ದಕ್ಕೂ ಪಾಠ ಹೇಳಿದ: ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ, ಅವು ಒಂದೊಂದು ಕಂಪನಿಯವರು ಒಂದೊಂದು ಲೆಕ್ಕದಲ್ಲಿ ಬಿಡಿಸಿದ ಚಿತ್ರ, ಸೆಟ್ಟಿಂಗಿನೊಳಗೆ ಮೈನಸ್ ಹಾಕಿದ ಅಂಕಿ ಇರುತ್ತದೆ, ಅದು ಸೊನ್ನೆಯ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಹೆರಿಯಣ್ಣ ತಲೆದೂಗಿದರೂ ಅವರ ಪರೀಕ್ಷೆ ಬೇರೆಯೇ ಇತ್ತು. ತೆಂಗಿನಮರಗಳು ಗೆರೆಯಷ್ಟಾದಾಗ ಒಂದೊಂದೇ ಫೋನಿನಿಂದ ಹೆಂಡತಿಗೆ ಕರೆ ಮಾಡಿ, ಏನಾದರೂ ಮಾತಾಡು ಅಂದರು. ಏನು ಮಾತಾಡುವುದೆಂದು ತೋಚದೆ ಗುಲಾಬಿ ಮೂರು ಸಲವೂ ಒಂದನ್ನೇ ಕೇಳಿದರು.

"ಹ್ವಾಯ್, ಉಂಡ್ರ್ಯಾ?"

ಮೊದಲಿನವನಲ್ಲಿ 'ಹ್ವಾಯ್' ಅಷ್ಟೇ ಬಂತು. ಎರಡನೆಯವನಲ್ಲಿ ಕೊಳವೆಯೊಳಗಿಂದ ಕೂಗಿದಂತೆ ಚೂರುಚೂರು. ನನ್ನಲ್ಲಿ ಇಡಿಯಾಗಿ ಬಂತು, ಕೊನೆಯಲ್ಲಿ ಅವರು ಎಳೆದುಕೊಂಡ ಉಸಿರಿನ ಸಮೇತ. ಹೆರಿಯಣ್ಣ ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಅವರ ಎದೆಯ ಬಡಿತ ಕೇಳಿಸಿಕೊಂಡು ದಡಕ್ಕೆ ಬಂದೆ.

ಬೋಟಿನ ಮೇಲಿನ ಮೊದಲ ವರ್ಷ ನನ್ನ ಬಾಳಿನ ಚಿನ್ನದ ಕಾಲ. ದಡ ದೂರವಾದಂತೆ ಎಲ್ಲರ ಫೋನುಗಳೂ ಒಂದೊಂದಾಗಿ ಕಣ್ಣು ಮುಚ್ಚುತ್ತಿದ್ದವು, ನಾನೊಬ್ಬ ಉಳಿಯುತ್ತಿದ್ದೆ. ಕಲಾಸಿಗಳು, ಎಂದರೆ ಬಲೆ ಎಳೆಯುವ ಆಳುಗಳು, ನನ್ನ ಮುಂದೆ ಸಾಲು ನಿಲ್ಲುತ್ತಿದ್ದರು. ಒಬ್ಬನ ತಾಯಿ ಎಮ್ಮೆ ಕರು ಹಾಕಿದ ಸುದ್ದಿಯನ್ನು ಕರುವಿನ ಬಣ್ಣದ ಸಮೇತ ಹೇಳುತ್ತಿದ್ದಳು. ಇನ್ನೊಬ್ಬನ ಹೆಂಡತಿ ಬೈಗುಳದಲ್ಲೇ ಶುರುಮಾಡಿ ಅಳುವಿನಲ್ಲಿ ಮುಗಿಸುತ್ತಿದ್ದಳು. ಎಷ್ಟು ದನಿಗಳು! ಎಲ್ಲ ಮುಗಿದ ಮೇಲೆ ಗುಲಾಬಿಯ ಸರದಿ. ಅದೇ ಪ್ರಶ್ನೆ, ಉಂಡ್ರ್ಯಾ. "ಉಂಡೆ ಹೆಣೇ", ಎಂದರೆ ಉಂಡೆ ಕಣೇ, ಎಂದು ಹೆರಿಯಣ್ಣ ಸುಳ್ಳು ಹೇಳುವುದು. ಒಲೆಯ ಮೇಲೆ ಅನ್ನ ಇನ್ನೂ ಕುದಿಯುತ್ತಿರುತ್ತಿತ್ತು. ಕಲಾಸಿಗಳಲ್ಲಿ ದಿನಕರ ಎಂಬ ತಮಾಷೆಯವನಿದ್ದ. ತಾಂಡೇಲರ ಹೊಟ್ಟೆ ತುಂಬುವುದು ಅನ್ನದಿಂದಲ್ಲ, ಫೋನಿನಿಂದ ಅನ್ನುತ್ತಿದ್ದ.

ಮಳೆಗಾಲ ಬಂತು. ಬೋಟುಗಳು ದಡ ಸೇರಿದವು. ಆಗಲೇ ಪಕ್ಕದ ಮನೆಯವರ ಫೋನು ಉಪ್ಪುನೀರು ತಾಗಿ ಸತ್ತ ಸುದ್ದಿ ಗುಲಾಬಿಯ ಕಿವಿಗೆ ಬಿತ್ತು. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಇವರ ಫೋನೂ ಹಾಗೆಯೇ ಸತ್ತರೆ, ಅದೇ ಗಳಿಗೆಯಲ್ಲಿ ತನಗೆ ಉಸಿರು ಕಟ್ಟಿದರೆ? ಅಟ್ಟದಿಂದ ಒಂದು ಸ್ಟೀಲ್ ಡಬ್ಬಿ ಇಳಿಸಿದರು. ಮದುವೆಯಲ್ಲಿ ತವರಿನಿಂದ ಬಂದದ್ದು, ಮೇಲೆ ಚುಕ್ಕಿ ಚುಕ್ಕಿಯಾಗಿ 'ಗುಲಾಬಿ' ಎಂದು ಕೊರೆದಿತ್ತು. ಮುಚ್ಚಳ ಎಷ್ಟು ಬಿಗಿಯೆಂದರೆ ಚಮಚದ ಹಿಡಿ ತೂರಿಸಿ ಎಬ್ಬಿಸಬೇಕು. ಒಳಗೆ ಹಳೆಯ ಸೀರೆಯ ಚೂರು ಹಾಸಿದರು, ತೇವ ಹೀರಲಿ ಎಂದು ಒಂದು ಹಿಡಿ ಅಕ್ಕಿ ಹಾಕಿದರು. ಮಗುವನ್ನು ಮಲಗಿಸಿದ ಹಾಗೆ ನನ್ನನ್ನು ಮಲಗಿಸಿ, ಗಂಡನಿಗೆ ಹೇಳಿದರು: "ಮಾತಾಡಿ ಆದ್ ಕೂಡ್ಲೇ ಇದ್ರೊಳ್ಗೆ ಹಾಕಿ. ಹೊರ್ಗೆ ಇಡ್ಬೇಡಿ, ನನ್ನಾಣೆ."

ಮುಚ್ಚಳ ಬಿತ್ತು. ನನಗೆ ಕಾರ್ಖಾನೆಯ ಪೆಟ್ಟಿಗೆ ನೆನಪಾಯಿತು. ಲೋಕ ಇಲ್ಲವಾಯಿತು.

ಮೀನುಗಾರಿಕೆ ಮತ್ತೆ ಶುರುವಾದಾಗಿನಿಂದ ನನ್ನ ಹೆಸರು ಕೆಡತೊಡಗಿತು. ಡಬ್ಬಿಯ ಕತ್ತಲೆಯಲ್ಲಿ ನಾನು ಸುಮ್ಮನೆ ಮಲಗುತ್ತಿರಲಿಲ್ಲ. ಟವರು ಎಲ್ಲಿ, ಟವರು ಎಲ್ಲಿ ಎಂದು ಶಕ್ತಿಯೆಲ್ಲ ಹಾಕಿ ಹುಡುಕುತ್ತಿದ್ದೆ. ಮೈ ಬಿಸಿಯಾಗುತ್ತಿತ್ತು, ಬ್ಯಾಟರಿ ಕರಗುತ್ತಿತ್ತು. ಸಂಜೆ ಹೆರಿಯಣ್ಣ ಹೊರತೆಗೆಯುವ ಹೊತ್ತಿಗೆ ಅರ್ಧ ಜೀವವಾಗಿರುತ್ತಿದ್ದೆ, ಟವರು ಹಿಡಿಯಲು ತಡಕಾಡುತ್ತಿದ್ದೆ. ಅವರು ತಮಗೆ ತಿಳಿದ ಮದ್ದನ್ನೆಲ್ಲ ಮಾಡಿದರು. ಆರಿಸಿ ಹೊತ್ತಿಸಿದರು. ವಿಮಾನದ ಗುರುತು ಒತ್ತಿ ತೆಗೆದರು. ಸಿಮ್ ಬಿಚ್ಚಿ ಅಂಗಿಗೆ ಉಜ್ಜಿ ಹಾಕಿದರು. ಫೋರ್‌ಜಿ ಮಾತ್ರ ಇಟ್ಟು ನೋಡಿದರು, ತೆಗೆದು ನೋಡಿದರು. ಕಂಬಕ್ಕೆ ಕಟ್ಟಿ ಮೇಲಕ್ಕೆ ಏರಿಸಿದರು. ಏರಿಸಿದಾಗ ನಾನು ಚೆನ್ನಾಗಿಯೇ ಹಿಡಿದೆ. ಅವರಿಗೆ ಖುಷಿಯಾಯಿತು. ಖುಷಿಯಲ್ಲೇ ಇಳಿಸಿ, ಒರೆಸಿ, ಮತ್ತೆ ಡಬ್ಬಿಗೆ ಹಾಕಿದರು.

ಅನ್ವರನ ಬಳಿಗೂ ಒಯ್ದರು. ಅವನು ಹೊಸ ಫೋನೊಂದರ ಪಕ್ಕ ನನ್ನನ್ನು ಮಲಗಿಸಿ ಇಬ್ಬರ ಅಂಕಿಯನ್ನೂ ನೋಡಿದ. ನಾನೇ ಮೇಲು. ಏನೂ ದೋಷವಿಲ್ಲ ಅಂದ. ಡಬ್ಬಿ ಬೋಟಿನಲ್ಲೇ ಉಳಿದಿತ್ತು, ಅವನು ಕಂಡದ್ದು ನನ್ನನ್ನು ಮಾತ್ರ. ಅಷ್ಟರಲ್ಲಿ ದಿನಕರ ಒಂದು ಹೊಸ ಫೋನು ಕೊಂಡಿದ್ದ, ಅದು ಸದಾ ಅವನ ಚಡ್ಡಿಯ ಜೇಬಿನಲ್ಲಿ. ಅದರ ಕಡ್ಡಿಗಳನ್ನು ತೋರಿಸಿ ಅವನು, "ತಾಂಡೇಲ್ರೇ, ನಿಮ್ದ್ ದಡದಗೆ ಹುಲಿ, ನೀರಗೆ ಬೆಕ್ಕ್. ಬಿಸಾಡಿ ಅದನ್" ಅಂದ. ಎಲ್ಲರೂ ನಕ್ಕರು. ಹೆರಿಯಣ್ಣನೂ ನಕ್ಕರು. ಆದರೆ ಬಿಸಾಡಲಿಲ್ಲ. ಗುಲಾಬಿಯ ಮಾತು ಇಡಿಯಾಗಿ ಬಂದದ್ದು ನನ್ನಲ್ಲಲ್ಲವೇ?

ಗುಲಾಬಿ ಹಗಲಿನಲ್ಲಿ ಕರೆ ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಯಾವಳೋ ಹೇಳುತ್ತಿದ್ದಳು. ಸಮುದ್ರ ದೊಡ್ಡದು ಎಂದು ಅವರು ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಆ ದಿನ ಗಾಳಿ ಜೋರಿತ್ತು. ಬೋಟು ದಡದ ಕಡೆಗೆ ಬಂದು ಒಂದು ನಡುಗಡ್ಡೆಯ ಮರೆಯಲ್ಲಿ ಲಂಗರು ಹಾಕಿತ್ತು. ಮಧ್ಯಾಹ್ನ. ಬರಿಗಣ್ಣಿಗೇ ಟವರು ಕಾಣುತ್ತಿತ್ತಂತೆ. ದಿನಕರ ಬಲೆಯ ಮೇಲೆ ಅಂಗಾತ ಬಿದ್ದುಕೊಂಡು ಫೋನಿನಲ್ಲಿ ಯಕ್ಷಗಾನ ನೋಡುತ್ತಿದ್ದ. ಚೆಂಡೆಯ ಸದ್ದು ಡಬ್ಬಿಯ ಗೋಡೆ ದಾಟಿ ನನ್ನವರೆಗೂ ಬರುತ್ತಿತ್ತು. ಹೆರಿಯಣ್ಣ ಪಕ್ಕದಲ್ಲೇ ಹರಿದ ಬಲೆ ಹೊಲಿಯುತ್ತಿದ್ದರು. ತೆಗೆದು ನೋಡೋಣ ಅಂತ ಅವರಿಗೆ ಅನ್ನಿಸಲಿಲ್ಲ. ತಮ್ಮ ಫೋನಿಗೆ ಹಗಲಿನಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂಬುದು ಅವರಿಗೆ ಅಷ್ಟು ಖಾತ್ರಿಯಾಗಿ ಹೋಗಿತ್ತು. ನಾನು ಕತ್ತಲೆಯಲ್ಲಿ, ಅಕ್ಕಿಯ ನಡುವೆ, ಟವರು ಎಲ್ಲಿ ಎಂದು ಹುಡುಕುತ್ತಿದ್ದೆ.

ಸುದ್ದಿ ಬಂದದ್ದು ಬೋಟಿನ ವೈರ್‌ಲೆಸ್ಸಿನಲ್ಲಿ, ಹೊತ್ತು ಮುಳುಗುವಾಗ. ಮಗಳ ಗಂಡ ಬಂದರಿಗೆ ಓಡಿ ಬಂದು, ಆಗಷ್ಟೇ ಹೊರಟಿದ್ದ ಒಂದು ಬೋಟಿನವರಿಗೆ ಹೇಳಿ ಕಳಿಸಿದ್ದ. ಗುಲಾಬಿ ಹೋಗಿಬಿಟ್ಟಿದ್ದರು. ಮಧ್ಯಾಹ್ನವೇ ಉಸಿರು ಕಟ್ಟಿತ್ತಂತೆ. ಮಗಳು ಸುಗುಣ ಆಸ್ಪತ್ರೆಗೆ ಸೇರಿಸಿ ಅಪ್ಪನ ನಂಬರಿಗೇ ಕರೆ ಮಾಡುತ್ತಿದ್ದಳು, ಬೋಟಿನ ಬೇರೆ ಯಾರ ನಂಬರೂ ಅವಳ ಬಳಿ ಇರಲಿಲ್ಲ. ಗುಲಾಬಿಗೆ ಸಂಜೆಯವರೆಗೂ ಪ್ರಜ್ಞೆ ಇತ್ತು. ಫೋನು ಹತ್ತಿತಾ, ಹತ್ತಿತಾ ಎಂದು ಕೇಳುತ್ತಲೇ ಇದ್ದರಂತೆ. ಬೋಟು ಮಧ್ಯಾಹ್ನ ಹೊರಟಿದ್ದರೆ ಬಿಸಿಲು ಇರುವಾಗಲೇ ದಡ ಮುಟ್ಟುತ್ತಿತ್ತು.

ಹೆರಿಯಣ್ಣ ಮುಚ್ಚಳ ಕಿತ್ತು ನನ್ನನ್ನು ಹೊರಗೆಳೆದರು. ಟವರು ಸಿಕ್ಕಿತು. ತಪ್ಪಿದ ಕರೆಗಳೆಲ್ಲ ಒಂದರ ಮೇಲೊಂದು ನನ್ನ ಮುಖದ ಮೇಲೆ ಬಿದ್ದವು. ಕೊನೆಯಲ್ಲಿ ಗುಲಾಬಿಯ ದನಿಯ ಒಂದು ಸಂದೇಶ. ಅದನ್ನು ತೆರೆಯುವ ಧೈರ್ಯ ಅವರಿಗೆ ಆಗಲಿಲ್ಲ. ನನ್ನ ಮುಖವನ್ನೇ ನೋಡಿ, "ನಿಂಗ್ ಕೆಮಿ ಇಲ್ಯಾ?" ಎಂದರು. ಬಯ್ಯುವ ದನಿಯಾಗಿರಲಿಲ್ಲ. ಕಿವಿ ಇಲ್ಲವಾ ಎಂದು ಮನುಷ್ಯರನ್ನು ಕೇಳುವ ಹಾಗೆ ಕೇಳಿದರು.

ಬೊಜ್ಜದ ದಿನ, ಎಂದರೆ ಉತ್ತರಕ್ರಿಯೆಗೆ, ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: ಫೋನ್ ಮಾಡಲಿಲ್ಲವಾ? ದಿನಕರನೇ ಉತ್ತರ ಹೇಳಿದ, ಈ ಫೋನು ಮೊದಲಿನಿಂದಲೂ ಹಾಳು ಎಂದು. ಹಾಗೆ ನನ್ನ ಹೆಸರು ಊರ ತುಂಬ ಹಬ್ಬಿತು.

ನೆಂಟರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ಸುಗುಣ ಮನೆ ಗುಡಿಸುತ್ತಿದ್ದಳು. ಯಾರೋ ನನ್ನನ್ನು ಡಬ್ಬಿಗೆ ಹಾಕಿ ಕಿಟಕಿಯ ಮೇಲೆ ಇಟ್ಟಿದ್ದರು. ಹೆರಿಯಣ್ಣ ಅದರ ಕೆಳಗೇ ಗೋಡೆಗೆ ಒರಗಿ ಕುಳಿತಿದ್ದರು. ಅಪ್ಪನ ಫೋನು ಕಾಣುತ್ತಿಲ್ಲವೆಂದು ಸುಗುಣ ತನ್ನದರಿಂದ ಕರೆ ಮಾಡಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು. ಅವಳಿಗೆ ಸೋಜಿಗ. ಟವರು ಇರುವುದು ಹಿತ್ತಿಲಿನ ಆಚೆಗೆ! ಹುಡುಕಿ, ಡಬ್ಬಿ ಕಂಡು, ಮುಚ್ಚಳ ಎಬ್ಬಿಸಿದಳು. ಮತ್ತೆ ಕರೆ ಮಾಡಿದಳು. ನಾನು ಗಂಟಲು ಬಿಚ್ಚಿ ಕೂಗಿದೆ.

ಹೆರಿಯಣ್ಣ ಎದ್ದು ನಿಂತರು. ಅವಳ ಕೈಯಿಂದ ಮುಚ್ಚಳ ತೆಗೆದುಕೊಂಡು ಡಬ್ಬಿಗೆ ಒತ್ತಿದರು. "ಮಾಡ್" ಅಂದರು. ಮೌನ. ಮುಚ್ಚಳ ತೆಗೆದರು. "ಇನ್ನೊಂದ್ ಸಲ ಮಾಡ್." ನಾನು ಕೂಗಿದೆ. ಹಾಕಿದರು, ತೆಗೆದರು. ಆಮೇಲೆ ಮಾಡು ಎನ್ನಲಿಲ್ಲ. ಅವರ ಹೆಬ್ಬೆರಳು ಡಬ್ಬಿಯ ಮೇಲಿನ ಚುಕ್ಕಿಗಳ ಮೇಲೆ ಹೋಗುತ್ತಿತ್ತು, ಗುವಿನಿಂದ ಬಿಯವರೆಗೆ, ಮತ್ತೆ ಹಿಂದಕ್ಕೆ.

ಸುಗುಣಳ ಕಣ್ಣು ತುಂಬಿತ್ತು. "ಅಪ್ಪಯ್ಯ, ಈ ಡಬ್ಬಿ ಅಬ್ಬಿಯೇ..." ಅಮ್ಮನ ಮಾತು ಬಾಯಿಗೆ ಬಂದದ್ದೇ ಅವಳು ತಡೆದಳು.

"ಫೋನ್ ಹಾಳ್, ಮಗಾ." ಅವರ ದನಿ ಬಹಳ ಮೆಲ್ಲಗಿತ್ತು. "ಫೋನೇ ಹಾಳ್. ಯಾರ್ ಕೇಂಡ್ರೂ ಹಾಂಗೇ ಹೇಳ್. ಡಬ್ಬಿ ಸುದ್ದಿ ಎತ್ತ್‌ಬೇಡ. ಅವ್ಳ್ ಎಂತ ಮಾಡಿದ್ಲ್? ಅಕ್ಕಿ ಹಾಕಿ ಮಲ್ಗ್ಸಿದ್ಲ್, ಅಷ್ಟೇ."

ಅಂದಿನಿಂದ ಆ ಮನೆಯಲ್ಲಿ ಆ ಮಾತು ಎದ್ದಿಲ್ಲ. ಬಂದರಿನಲ್ಲಿ ಯಾರಾದರೂ ನನ್ನ ಸುದ್ದಿ ತೆಗೆದರೆ ಹೆರಿಯಣ್ಣ ತಲೆಯಾಡಿಸಿ, ಹೌದು ಮರ್ರೆ, ಹಾಳು ಫೋನು, ನಂಬಬಾರದಿತ್ತು ಅನ್ನುತ್ತಾರೆ. ಮೊದಲು ನನಗೆ ನೋವಾಗುತ್ತಿತ್ತು. ಇರುವೆಯ ಉಸಿರು ಕೇಳಿಸಿಕೊಂಡು ಪಾಸಾದವನು ನಾನು. ಈಗ ಹಾಗೆ ಅನ್ನಿಸುವುದಿಲ್ಲ. ಯಾರ ಮೇಲಾದರೂ ತಪ್ಪು ಕೂರಲೇಬೇಕಲ್ಲ? ನನ್ನ ಮೇಲೆ ಕೂತರೆ ಗುಲಾಬಿಯ ಹೆಸರು ತಣ್ಣಗಿರುತ್ತದೆ. ಮಾತು ತಲುಪಿಸಲಾಗದ ಫೋನು ಇಷ್ಟಾದರೂ ಹೊರಬಹುದು.

ನನಗೆ ಈಗ ವಯಸ್ಸಾಯಿತು. ಗಾಜಿಗೆ ಬಿರುಕು, ಬ್ಯಾಟರಿ ಉಬ್ಬಿದೆ. ಸಿಮ್ ತೆಗೆದು ಹೊಸ ಫೋನಿಗೆ ಹಾಕಿದ್ದಾರೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೊರಳಿಗೆ ಕಟ್ಟಿಕೊಂಡೇ ಬೋಟು ಹತ್ತುತ್ತಾರೆ. ಕರೆಯುವವರು ಯಾರು ಎಂದು ನಾನು ಕೇಳುವುದಿಲ್ಲ. ನನ್ನ ಜಾಗ ಕಿಟಕಿಯ ಮೇಲೆ, ಅದೇ ಡಬ್ಬಿಯಲ್ಲಿ, ಅದೇ ಸೀರೆಯ ಚೂರಿನ ಮೇಲೆ. ಸಮುದ್ರದಿಂದ ಬಂದ ದಿನ ಅವರು ಸ್ನಾನ ಮಾಡಿ ಬಂದು, ನನಗೆ ತಂತಿ ಚುಚ್ಚಿ, ಗುಲಾಬಿಯ ಆ ಸಂದೇಶ ಹಾಕುತ್ತಾರೆ. ನನ್ನೊಳಗೆ ಉಳಿದಿರುವ ದನಿ ಅದೊಂದೇ. "ಹ್ವಾಯ್, ಎಲ್ಲಿದ್ರಿ? ಸ್ವಲ್ಪ ಉಸ್ರ್ ಕಟ್ತಿತ್ತ್. ಸುಗುಣ ಇದ್ಲ್, ಆಸ್ಪತ್ರೆಗೆ ಹೊರ್ಟಿದ್ದೊ. ನೀವ್ ಹೆದ್ರಬೇಡಿ." ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ, "ಉಂಡ್ರ್ಯಾ?"

"ಉಂಡೆ ಹೆಣೇ" ಅನ್ನುತ್ತಾರೆ ಹೆರಿಯಣ್ಣ. ಒಳಗೆ ಒಲೆಯೇ ಹೊತ್ತಿರುವುದಿಲ್ಲ.

ಮೊನ್ನೆ ಸುಗುಣ ಬಂದವಳು, ಧೂಳು ಬೀಳುತ್ತದೆಂದು ಡಬ್ಬಿಗೆ ಮುಚ್ಚಳ ಹಾಕಿದಳು. ನನಗೆ ಈಗ ಯಾವ ಕರೆಯೂ ಬರುವುದಿಲ್ಲ, ಮುಚ್ಚಿದರೂ ತೆರೆದರೂ ಒಂದೇ. ಅದು ಅವರಿಗೂ ಗೊತ್ತು. ಆದರೂ ಹೆರಿಯಣ್ಣ ಕುಳಿತಲ್ಲಿಂದ ಎದ್ದು ಬಂದು, ಚಮಚದ ಹಿಡಿ ತೂರಿಸಿ, ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು.