ಸೇಸಪ್ಪನವರು ಎಳೆದ ಮೈನ್ ಸ್ವಿಚ್ಚು

ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೆ, ಹಿಂದಿರುಗಿ ಅದನ್ನೊಮ್ಮೆ ಜಗ್ಗಿ ನೋಡದೆ ಸೇಸಪ್ಪನವರು ಯಾವ ಮನೆಯನ್ನೂ ಬಿಟ್ಟು ಹೊರಟವರಲ್ಲ. ತುಸು ಮುಂದಕ್ಕೆ ಬಾಗಿದ ಎತ್ತರದ ಆಳು, ಮಸ್ಕತ್ತಿನ ಕಡುಬೇಸಗೆಯಲ್ಲೂ ಬಿಚ್ಚದ ಬೂದು ಕೋಟು, ಮಾತಿಗೊಮ್ಮೆ ‘ಒಂದು ಸಲ ನೋಡುವ’ ಎಂಬ ಪಲ್ಲವಿ. ಅಲ್ಲಿನ ಖುರುಮ್ ಬಡಾವಣೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಈ ಮೂಲ್ಕಿಯ ಮನುಷ್ಯನ ಎಚ್ಚರಿಕೆಯನ್ನು ಜೊತೆಗಾರರಾದ ನಾವೆಲ್ಲ ಸಾಕಷ್ಟು ಗೇಲಿ ಮಾಡಿದ್ದೇವೆ.

ಇಂಥವರು ಕಂಪನಿಯ ಫ್ಲ್ಯಾಟಿನಲ್ಲಿ ಹಾವು ಸಾಕಿದ್ದರೆಂದರೆ ಯಾರು ನಂಬಬೇಕು? ಒಳನಾಡಿನ ಇಬ್ರಾ ಊರಿನ ದಾರಿಯಲ್ಲಿ ಯಾವುದೋ ಗಾಡಿಗೆ ಸಿಕ್ಕಿ ಗಾಯಗೊಂಡಿದ್ದ, ಯಾರಿಗೂ ಕೇಡು ಮಾಡದ ಮರಳುಹಾವು. ಕೋಟಿನಲ್ಲಿ ಸುತ್ತಿ ತಂದು, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬದುಕಿಸಿದರು. ನಾಗನಿಗೆ ನಡೆದುಕೊಳ್ಳುವ ಮನೆತನ, ಹೊತ್ತದ್ದು ಆದಿಶೇಷನ ಹೆಸರು. ದಾರಿಯಲ್ಲಿ ಬಿಟ್ಟು ಬರಲು ಅವರಿಂದಾಗಲಿಲ್ಲ. ಪತ್ನಿ ವಾರಿಜಾಕ್ಷಿ ಅದನ್ನು ಹಾವು ಎನ್ನದೆ ‘ಅವ’ ಎನ್ನುತ್ತಿದ್ದರು. ಸುದ್ದಿ ಹೊರಬಿದ್ದರೆ ಕೆಲಸ ಖಲಾಸ್. ಹಾಗಾಗಿ ಕೆಳಗಿನ ಅಂಗಡಿಯ, ಉಪ್ಪಿನಂಗಡಿ ಕಡೆಯ ಇಸ್ಮಾಯಿಲ್‌ಗೆ ಬಿಟ್ಟರೆ ಈ ಗುಟ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

ಎಂಬತ್ತೊಂಬತ್ತರಲ್ಲಿ, ನಾಗರ ಪಂಚಮಿಗೆ ಪತ್ನಿಯೊಡನೆ ಊರಿಗೆ ಹೋಗಿ ನಾಗಬನದಲ್ಲಿ ತಂಬಿಲದ ಪೂಜೆ ಕೊಡಿಸಲೆಂದು ಅವರು ರಜೆ ಪಡೆದರು. ಏಸಿ ಓಡುತ್ತಿರಬೇಕು, ಇಸ್ಮಾಯಿಲ್ ಆಗಾಗ ಬಂದು ನೀರು ಬದಲಿಸಬೇಕು ಎಂದು ಏರ್ಪಾಡಾಯಿತು. ಇನ್ನೊಂದು ಕೀಲಿಕೈಯೂ ಅವನ ಜೇಬು ಸೇರಿತು. ಹೊರಡುವ ದಿನ ಬೀಗ ಹಾಕಿದ ಸೇಸಪ್ಪನವರು ಎಂದಿನಂತೆ ಹಿಂದಿರುಗಿದರು. ಒಳಹೋಗಿ ಗ್ಯಾಸು ನೋಡಿದರು, ನಲ್ಲಿ ನೋಡಿದರು; ರಜೆಗೆ ಹೊರಟಾಗಲೆಲ್ಲ ಮಾಡುವಂತೆ ಮೈನ್ ಸ್ವಿಚ್ಚನ್ನೂ ಕೆಳಗೆಳೆದರು. ಅದನ್ನು ಮಾಡಿಸಿದ್ದು ಮರೆವಲ್ಲ, ಯಾವುದನ್ನೂ ಮರೆಯಬಾರದೆಂಬ ಹಟ.

ವಿಮಾನ ಸಮುದ್ರದ ಮೇಲಿದ್ದಾಗ ಸ್ವಿಚ್ಚು ಎಳೆದ ಆ ಕೈಯ ನೆನಪು ಒಮ್ಮೆಲೇ ಬಂತು. ಕಿಟಕಿ ಮುಚ್ಚಿದ ಫ್ಲ್ಯಾಟು, ಹೊರಗೆ ಕೆಂಡದಂಥ ಬಿಸಿಲು, ಗಾಜಿನೊಳಗೆ ಆ ಜೀವ. ಬೊಂಬಾಯಿಯಲ್ಲಿ ಇಳಿದವರೇ ಅಂಗಡಿಗೆ ಫೋನು ಮಾಡಿದರು. ಇಸ್ಮಾಯಿಲ್ ಸಾಮಾನು ತರಲು ಇಬ್ರಾಕ್ಕೆ ಹೋಗಿದ್ದಾನೆ, ಬರುವುದು ಯಾವಾಗಲೋ ಗೊತ್ತಿಲ್ಲ ಎಂದರು ಅಂಗಡಿಯಲ್ಲಿದ್ದವರು. ಕಚೇರಿಗೆ ಹೇಳಿದರೆ ಯಾರಾದರೂ ಬೀಗ ಒಡೆದಾರು. ಸೇಸಪ್ಪನವರು ಆ ನಂಬರನ್ನು ಒತ್ತತೊಡಗಿ, ಕೊನೆಯ ಅಂಕಿಗೆ ಬಂದು ರಿಸೀವರ್ ಇಟ್ಟರು. ಮೂಲ್ಕಿಯ ಎಸ್‌ಟಿಡಿ ಬೂತಿನಲ್ಲೂ ಹಾಗೆಯೇ ಆಯಿತು, ಮರುದಿನವೂ. ಇನ್ನೂ ಬದುಕಿದ್ದೀತು ಎಂದು ಒಮ್ಮೆ, ಇಷ್ಟರಲ್ಲಿ ಮುಗಿದಿದ್ದೀತು ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು.

ಪಂಚಮಿಯಂದು ಬನದ ಕಲ್ಲಿನ ಮೇಲೆ ಭಟ್ಟರು ತಣ್ಣನೆಯ ಹಾಲು ಸುರಿಯುತ್ತಿದ್ದರು, ಸೀಯಾಳ ಸುರಿಯುತ್ತಿದ್ದರು. ನೋಡುತ್ತ ನಿಲ್ಲುವುದು ಸೇಸಪ್ಪನವರಿಂದಾಗಲಿಲ್ಲ. ಒದ್ದೆ ಪಂಚೆಯಲ್ಲೇ ಬೂತಿಗೆ ನಡೆದರು. ಈ ಸಲ ಇಸ್ಮಾಯಿಲನೇ ಸಿಕ್ಕಿದ. ಹಿಂದಿನ ದಿನ ಬಂದು ಬಾಗಿಲು ತೆಗೆದನಂತೆ. ಒಳಗೆ ಉಸಿರಾಡಲಾಗದಷ್ಟು ಸೆಕೆಯಿತ್ತಂತೆ.

“ಬಿಸಾಡ್ಲಿಲ್ಲ ಸೇಸಪ್ಪಣ್ಣ. ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ನಿಮ್ಮಲ್ಲಿ ಸುಡುವುದಲ್ವಾ? ಎಂತ ಮಾಡ್ಬೇಕು, ಹೇಳಿ.”

ನಾಗರಹಾವಿಗೆ ಮಾತ್ರ ಆ ಸಂಸ್ಕಾರ, ಮರಳುಹಾವಿಗೆ ಇಲ್ಲ ಎಂದು ಅವರಿಗೆ ಗೊತ್ತಿರಲಿಲ್ಲವೇ? ಬೂತಿನ ಹೊರಗೆ ಕಾದಿದ್ದವರು ಗಾಜು ತಟ್ಟುತ್ತಿದ್ದರು.

“ಸುಡು ಮಾರಾಯ,” ಎಂದರು.

ಬನಕ್ಕೆ ಮರಳಿದಾಗ ಪ್ರಸಾದ ನೀಡಲು ಬಂದ ಅಣ್ಣನಿಗೆ, ತನಗೆ ಸೂತಕವಿದೆ, ಮುಟ್ಟಬಾರದು ಎಂದರಂತೆ. ಯಾರು ತೀರಿಕೊಂಡರೆಂದು ಕೇಳಿದರೆ ಹೇಳಲಿಲ್ಲವಂತೆ. ಇದೆಲ್ಲ ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ವಾರಿಜಾಕ್ಷಿಯವರ ಬಾಯಿಂದ.

ಗುಟ್ಟಿನಲ್ಲಿ ಅಕ್ಕರೆ ತೋರುವ ಮೃದುಜೀವಿಗಳು ನಮ್ಮ ನಡುವೆ ಅನೇಕರಿದ್ದಾರೆ. ಲೋಕದ ಕಣ್ಣು ತಪ್ಪಿಸಿ ಒಂದು ಜೀವವನ್ನು ಸಲಹುವುದು ಅವರಿಗೆ ಕಷ್ಟವೇನಲ್ಲ. ಆದರೆ ಆ ಜೀವಕ್ಕೆ ಆಪತ್ತು ಬಂದ ದಿನ ಕೂಗಿ ಕರೆಯಲು ಅವರ ಬಾಯಿ ಏಳುವುದಿಲ್ಲ, ಅದು ಹೋದ ಮೇಲೆ ಅಳುವುದಕ್ಕೂ ಏಳುವುದಿಲ್ಲ.