ಅಂಗೈಯಿಂದ ಒರೆಸುವ ಹಲಗೆ

ಚೆಯ್ಯಾರಿನಿಂದ ಚೆನ್ನೈಗೆ ಬರುವ ಬೆಳಗಿನ ಬಸ್ಸಿನಲ್ಲೂ ಅಂಜಲೈಯಮ್ಮ ತಮ್ಮ ಷರತ್ತನ್ನೇ ಹೇಳಿದರು.

"ಯಾವ್ದಾದ್ರೂ ತಗೊಳ್ಳಿ ಟೀಚರಮ್ಮ, ನಂಗೇನು ಗೊತ್ತಾಗುತ್ತೆ. ಮಲರ್ ಹೆಸ್ರು ಮಾತ್ರ ಅದರ ಮೇಲೆ ದೊಡ್ಡದಾಗಿರ್ಬೇಕು. ಯಾರೂ ಅಳಿಸಕೂಡ್ದು."

ಮಲರ್‌ವಿಳಿ ನಮ್ಮ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್ ಆಗಿದ್ದಳು. ಹೋದ ದೀಪಾವಳಿಯ ಹೊತ್ತಿಗೆ ಬಂದ ಜ್ವರ ಅವಳನ್ನು ಉಳಿಸಲಿಲ್ಲ. ಅವಳ ಕೆಲಸದ ಬಾಬ್ತು ಬಂದ ಹಣವನ್ನು ತಾಯಿ ಮುಟ್ಟಲಾರದೆ, ಮುಖ್ಯೋಪಾಧ್ಯಾಯಿನಿಯಾದ ನನ್ನ ಮುಂದೆ ಬಂದು ಕೂತಿದ್ದರು. ಮಕ್ಕಳು ತಾವೇ ಮುಟ್ಟಿ ಬರೆಯುವಂಥ ಡಿಜಿಟಲ್ ಹಲಗೆ ಬೇಕೆಂದು ಮಲರ್ ನನ್ನನ್ನು ಕಾಡುತ್ತಿದ್ದಳು. ಅದನ್ನೇ ಕೊಡಿಸೋಣ ಎಂದಾಯಿತು.

ನನಗೆ ಅಳುಕಿದ್ದದ್ದು ಆ ಷರತ್ತಿನ ಬಗ್ಗೆ. ನಾನು ಶಾಲೆಗೆ ಬರುವ ಮೊದಲೇ ಅಕ್ಕಿ ಗಿರಣಿಯವರು ತಂದೆಯ ನೆನಪಿಗೆ ಒಂದು ಟಿವಿ ಕೊಟ್ಟಿದ್ದರು. ಅದಕ್ಕೆ ಗಂಧ ಕುಂಕುಮ ಹಚ್ಚಿ, ತಂದೆಯ ಫೋಟೊ ಅಂಟಿಸಿ, ಪರದೆ ಇಳಿಬಿಟ್ಟಿದ್ದಾರೆ. ಕೆಟ್ಟರೆ ಗಿರಣಿಯವರಿಗೆ ಏನು ಹೇಳುವುದೆಂದು ಯಾರೂ ಅದನ್ನು ಹಾಕಿದ್ದಿಲ್ಲ. ಈಗ ಪರದೆ ಎತ್ತಿದರೆ ಹಲ್ಲಿ ಓಡುತ್ತದೆ. ಮಲರ್‌ಳ ಹಲಗೆಗೂ ಅದೇ ಗತಿಯಾದರೆ? ಮಗಳನ್ನು ಕಳೆದುಕೊಂಡ ತಾಯಿಗೆ ಇದನ್ನು ಹೇಗೆ ಹೇಳುವುದು? ಬಸ್ಸು ಇಳಿಯುವ ತನಕ ಮಾತು ಬಾಯಿಗೆ ಬಂದು ಬಂದು ಹಿಂದೆ ಹೋಯಿತು.

ಹಲಗೆ ಕೊಳ್ಳಲೆಂದು ನಾವು ಬಂದದ್ದು ಚೆನ್ನೈಯ ನಂದಂಬಾಕ್ಕಂನ ಶಿಕ್ಷಣ ಮೇಳಕ್ಕೆ; ಅಲ್ಲಿಗೆ ನಾನು ಹೋದ ವರ್ಷವೂ ಬಂದಿದ್ದೆ. ಕಂಡ ಮಳಿಗೆಗೆಲ್ಲ ನಿಂತು, ಚೀಲದ ತುಂಬ ಕರಪತ್ರ ಹೊತ್ತು, ಕಾಲು ಊದಿಸಿಕೊಂಡು, ಏನೂ ತಿಳಿಯದೆ ಮರಳಿದ್ದೆ. ಈ ಸಲ ಬೇಕಾದದ್ದೊಂದನ್ನೇ ನೋಡಬೇಕು, ನಮ್ಮ ಕೈಯಿಂದಲೇ ಬರೆದು ನೋಡಬೇಕು, ಹೋದ ವರ್ಷ ಕೊಂಡ ಶಾಲೆಯವರ ಫೋನ್ ನಂಬರ್ ಕೇಳಬೇಕು ಎಂದು ನಿಶ್ಚಯಿಸಿದ್ದೆ. ನಮ್ಮ ಕೊರಳಿನ ಗುರುತಿನ ಚೀಟಿ ಓದಿದ ಮೇಲೆಯೇ ಮುಖ ನೋಡುವ ಹುಡುಗರು ಅಲ್ಲೆಲ್ಲ. ನಂಬರ್ ಕೊಡಲು ತಡವರಿಸಿದರೆ ನಾನು ಮುಂದಿನ ಮಳಿಗೆಗೆ ನಡೆಯುತ್ತಿದ್ದೆ.

"ಹೆಣ್ಣು ಕೊಡೋ ಮನೆಯವರ ಥರ ವಿಚಾರಿಸ್ತೀರಲ್ಲ ಟೀಚರಮ್ಮ" ಎಂದರು ಅಂಜಲೈಯಮ್ಮ. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಇನಿಯನ್ ಎಂಬ ಹುಡುಗನ ಮಳಿಗೆಯಲ್ಲಿ ನಂಬರ್ ಕೂಡಲೇ ಸಿಕ್ಕಿತು. ಅರಕ್ಕೋಣಂನ ಒಬ್ಬ ಟೀಚರ್ ಫೋನ್ ಎತ್ತಿದರು. "ಕರೆಂಟ್ ಹೋದ್ರೆ ಕಷ್ಟ, ಬ್ಯಾಟರಿ ಜೊತೆಗೇ ತಗೊಂಬಿಡಿ. ಮಕ್ಕಳು ಮಾತ್ರ ಹಲಗೆ ಬಿಟ್ಟು ಕದಲೋದಿಲ್ಲ" ಎಂದರು. ನನ್ನ ಮನಸ್ಸು ಅಲ್ಲೇ ನಿಂತಿತು.

"ನೀವೂ ಒಂದ್ಸಲ ಬರೀರಿ ಅಮ್ಮಾ. ಬೆರಳೇ ಸಾಕು" ಎಂದು ಇನಿಯನ್ ಅಂಜಲೈಯಮ್ಮನನ್ನು ಕರೆದ.

"ನಂಗೆಲ್ಲಿ ಬರುತ್ತೆ ತಂಬಿ. ಒಂದೇ ಒಂದು ಹೆಸ್ರು ಬರೆಯೋಕೆ ಬರುತ್ತೆ. ಮಗಳು ಕಲಿಸಿದ್ಲು."

"ನಿಮ್ಮ ಹೆಸ್ರಾ?"

"ಅವಳದ್ದೇ. ತನ್ನ ಹೆಸ್ರನ್ನೇ ಮೊದ್ಲು ಕಲಿಸಿದ್ಲು, ಕಳ್ಳಿ."

ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಒಂದೊಂದೇ ಅಕ್ಷರ ಬರೆದರು. ಬಿಳಿಯ ಹಲಗೆಯ ತುಂಬ ನೀಲಿ ಅಕ್ಷರದಲ್ಲಿ ಮಲರ್‌ವಿಳಿ ಎಂದು ಮೂಡಿತು. ಬರೆದು ಹಿಂದೆ ಸರಿದು, ಕೈ ಕಟ್ಟಿ ನಿಂತರು.

ಅಷ್ಟರಲ್ಲಿ ಬೇರೆ ಶಾಲೆಯವರೊಂದಷ್ಟು ಜನ ಬಂದು ನಮ್ಮ ಹಿಂದೆ ಸೇರಿದರು. ಇನಿಯನ್ ಮೆಲ್ಲಗೆ ಹೇಳಿದ: "ಅಂಗೈ ಇಟ್ಟು ಸವರಿದ್ರೆ ಹೋಗುತ್ತೆ ಅಮ್ಮಾ. ಇವ್ರಿಗೂ ತೋರಿಸ್ಬೇಕು."

ಅಂಜಲೈಯಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಒಯ್ದರು. "ಹೋಗುತ್ತಾ?"

"ಬೇಕಾದ್ರೆ ಇದ್ರಲ್ಲೇ ಉಳಿಸಿಡ್ತೀನಿ."

"ಇದೇ ನಮ್ಮೂರಿಗೆ ಬರುತ್ತಾ?"

"ಇಲ್ಲಮ್ಮಾ. ಇದು ಮೇಳದ್ದು. ಮುಂದೆ ಕೊಯಮತ್ತೂರಿಗೆ ಹೋಗುತ್ತೆ."

"ಬೇಗ ಆಗ್ಲಪ್ಪ, ಊಟದ ಕೂಪನ್ ಹಾಳಾಗುತ್ತೆ" ಎಂದು ಹಿಂದಿನಿಂದ ಯಾರೋ ಗೊಣಗಿದರು. ಇನಿಯನ್ ನನ್ನ ಮುಖ ನೋಡಿದ. ನಾನು ಅಂಜಲೈಯಮ್ಮನ ಹತ್ತಿರ ಹೋದೆ. ಬಸ್ಸಿನಲ್ಲಿ ಆಡಲಾಗದ್ದನ್ನು ಈಗಲಾದರೂ ಆಡಬೇಕಿತ್ತು.

"ಗಿರಣಿಯವರು ಕೊಟ್ಟ ಟಿವಿ ನೋಡಿದೀರಾ ಅಮ್ಮಾ, ನಮ್ಮ ಆಫೀಸ್ ರೂಮಲ್ಲಿ?"

"ನೋಡಿಲ್ಲ. ಮಲರ್ ಹೇಳ್ತಿದ್ಲು" ಎಂದರು, ಹೆಸರಿನ ಮೇಲಿನ ಕಣ್ಣು ಕೀಳದೆ. "ಗಿರಣಿಯವರ ಸಮಾಧಿ ಅಂತಿದ್ಲು ಅದನ್ನ."

ತಮ್ಮದೇ ಮಾತು ತಮಗೆ ಈಗ ಕೇಳಿಸಿದವರಂತೆ ನನ್ನತ್ತ ತಿರುಗಿದರು.

ಆಮೇಲೆ ಸೆರಗಿನ ತುದಿ ಹಿಡಿದು ಹಲಗೆಯತ್ತ ನಡೆದರು.

"ಬಟ್ಟೆ ಬೇಡಮ್ಮಾ, ಅಂಗೈ" ಎಂದ ಇನಿಯನ್.

ಅಂಗೈ ಇಟ್ಟರು. ಮಗುವಿನ ಬೆನ್ನು ಸವರುವಷ್ಟು ನಿಧಾನವಾಗಿ ಎಳೆದರು. ಕೊನೆಯ ಅಕ್ಷರದ ಬಾಲ ಒಂದಿಷ್ಟು ಉಳಿದಿತ್ತು. ಅದನ್ನೂ ಒರೆಸಿದರು. ಕೈ ತಿರುಗಿಸಿ ನೋಡಿಕೊಂಡರು.

"ಸೀಮೆಸುಣ್ಣದ ಪುಡಿ ಏನೂ ಅಂಟೋದಿಲ್ವಾ? ಅವಳ ಸೀರೆ ಒಗೆದಾಗ್ಲೆಲ್ಲ ನೀರು ಬೆಳ್ಳಗಾಗ್ತಿತ್ತು."

"ಇಲ್ಲಮ್ಮಾ, ಏನೂ ಅಂಟೋದಿಲ್ಲ" ಎಂದ ಇನಿಯನ್. ಹಿಂದೆ ನಿಂತವರಿಗೆ ನಾವು ಜಾಗ ಬಿಟ್ಟೆವು.

ಹೊರಗೆ ಬೇವಿನ ಮರದ ಕೆಳಗೆ ಊಟದ ಪೊಟ್ಟಣ ಹಿಡಿದು ಕೂತೆವು. ಅಂಜಲೈಯಮ್ಮ ಬಹಳ ಹೊತ್ತು ಅದನ್ನು ಬಿಚ್ಚಲಿಲ್ಲ.

"ಹೆಸ್ರು ಹಿಂದ್ಗಡೆ ಹಾಕ್ಸಿ ಟೀಚರಮ್ಮ. ಗೋಡೆ ಕಡೆಗೆ."

"ಅಲ್ಲಿದ್ರೆ ಯಾರಿಗೆ ಕಾಣುತ್ತೆ ಅಮ್ಮಾ?"

"ನಂಗೆ ಗೊತ್ತಿರುತ್ತಲ್ಲ. ಮುಂದ್ಗಡೆ ಮಕ್ಕಳು ಬರ್ಕೊಳ್ಲಿ" ಎಂದು ಪೊಟ್ಟಣದ ದಾರ ಬಿಚ್ಚತೊಡಗಿದರು.